ಇವತ್ತು ಏನು ಮಾತಾಡೋಣ? ಚೀಟಿ ಎತ್ತಿ ವಿಷಯ ಆರಿಸುವ ಬಗೆ

“ನಮ್ಮ ಅಪಾರ್ಟ್‌ಮೆಂಟಿನಲ್ಲಿ ಕನ್ನಡ ಮಾತಾಡುವ ಕೂಟ ಶುರು ಮಾಡಿದ್ದೀವಿ. ಮೊದಲೆರಡು ವಾರ ಚೆನ್ನಾಗಿತ್ತು. ಈಗ ಟ್ರಾಫಿಕ್ಕು, ನೀರಿನ ಟ್ಯಾಂಕರು ಬಿಟ್ಟರೆ ಬೇರೆ ಮಾತೇ ಹೊರಡುತ್ತಿಲ್ಲ. ಏನು ಮಾಡೋದು?” ಈ ಪ್ರಶ್ನೆ ಒಂದಲ್ಲ ಒಂದು ರೂಪದಲ್ಲಿ ಬರುತ್ತಲೇ ಇರುತ್ತದೆ. ಹೊರದೇಶದಲ್ಲಿರುವ ಅಪ್ಪ ಅಮ್ಮಂದಿರ ಗೋಳೂ ಇಂಥದ್ದೇ: ಭಾನುವಾರ ಅಜ್ಜಿಗೆ ವಿಡಿಯೋ ಕಾಲ್ ಹಚ್ಚಿಕೊಟ್ಟರೆ ಮಗು “ಊಟ ಆಯ್ತು, ಸ್ಕೂಲ್ ಚೆನ್ನಾಗಿದೆ” ಅಂದು ಫೋನ್ ವಾಪಸ್ ಕೊಟ್ಟು ಓಡುತ್ತದೆ.

ಇಬ್ಬರಿಗೂ ನನ್ನ ಉತ್ತರ ಒಂದೇ. ವಿಷಯವನ್ನು ಯಾರೂ ಆರಿಸಬೇಡಿ, ಚೀಟಿ ಎತ್ತಿ.

ಯಾಕೆ ಅಂದರೆ, ನಾಲ್ಕು ಜನ ಕೂತಲ್ಲಿ ವಿಷಯ ಎತ್ತುವವರು ಸಾಮಾನ್ಯವಾಗಿ ಒಬ್ಬರೇ. ವಯಸ್ಸಿನಲ್ಲಿ ಹಿರಿಯರೋ, ಗಂಟಲು ದೊಡ್ಡದಿರುವವರೋ. ಅವರಿಗೆ ಕ್ರಿಕೆಟ್ ಇಷ್ಟವಾದರೆ ಉಳಿದವರು ಒಂದು ಗಂಟೆ ತಲೆಯಾಡಿಸಬೇಕು. ಮೆತ್ತಗಿನ ಸ್ವಭಾವದವರು ವಿಷಯ ಎತ್ತಿದರೂ ‘ಇದು ಬೋರಾಯಿತೇನೋ’ ಎಂಬ ಅಳುಕು ಅವರನ್ನು ಬಿಡುವುದಿಲ್ಲ. ಚೀಟಿಯಲ್ಲಿ ಬಂದ ವಿಷಯಕ್ಕೆ ಯಾರೂ ಹೊಣೆಯಲ್ಲ. ಕನ್ನಡ ಕಲಿಯುತ್ತಿರುವವರಿಗಂತೂ ಇನ್ನೊಂದು ಲಾಭವಿದೆ. ‘ನನ್ನ ಹೆಸರು ಇಂಥದ್ದು, ನಾನು ಐಟಿಯಲ್ಲಿ ಕೆಲಸ ಮಾಡುತ್ತೇನೆ’ ಎಂದು ಬಾಯಿಪಾಠ ಮಾಡಿಕೊಂಡು ಬಂದದ್ದು ಇಲ್ಲಿ ನಡೆಯುವುದಿಲ್ಲ. ಸಿಕ್ಕ ವಿಷಯಕ್ಕೆ ಇದ್ದ ಮಾತುಗಳಲ್ಲೇ ದಾರಿ ಮಾಡಿಕೊಳ್ಳಬೇಕು.

ಆದರೆ ಡಬ್ಬಿಗೆ ಏನು ಹಾಕಿರುತ್ತೀರೋ ಅದೇ ಹೊರಗೆ ಬರುವುದು. ‘ಚೀಟಿ ಮಾಡಿ ನೋಡಿದೆವು, ಕೆಲಸ ಮಾಡಲಿಲ್ಲ’ ಅನ್ನುವವರ ಡಬ್ಬಿ ತೆರೆದು ನೋಡಿ: ‘ಪರಿಸರ ಮಾಲಿನ್ಯ’, ‘ಯುವಜನತೆ ಮತ್ತು ಮೊಬೈಲ್’, ‘ನನ್ನ ಮೆಚ್ಚಿನ ಹಬ್ಬ’. ಹೈಸ್ಕೂಲಿನ ಪ್ರಬಂಧದ ತಲೆಬರಹಗಳು. ಇವುಗಳಿಂದ ಭಾಷಣ ಹುಟ್ಟುತ್ತದೆ, ಮಾತುಕತೆ ಹುಟ್ಟುವುದಿಲ್ಲ. ಹಾಗಾಗಿ ಈ ಲೇಖನದಲ್ಲಿ ಚೀಟಿ ಎತ್ತುವುದಕ್ಕಿಂತ ಬರೆಯುವುದಕ್ಕೇ ಹೆಚ್ಚು ಜಾಗ ಕೊಟ್ಟಿದ್ದೇನೆ.

ಒಂದು ಸ್ಪಷ್ಟನೆ. ಶಾಲೆಯ ಪ್ರತಿಭಾ ಕಾರಂಜಿಯಲ್ಲಿ ನಡೆಯುವ ಆಶುಭಾಷಣ, ಅಂದರೆ ಚೀಟಿ ಎತ್ತಿ ಆ ಕ್ಷಣದಲ್ಲೇ ಮಾತಾಡುವ ಸ್ಪರ್ಧೆ, ಬೇರೆ. ಟೋಸ್ಟ್‌ಮಾಸ್ಟರ್ಸ್ ಎಂಬ ಭಾಷಣ ಅಭ್ಯಾಸದ ಕ್ಲಬ್ಬುಗಳಲ್ಲಿ ಒಂದೆರಡು ನಿಮಿಷ ಮಾತಾಡಿಸುವ ‘ಟೇಬಲ್ ಟಾಪಿಕ್ಸ್’ ಕೂಡ ಬೇರೆ. ಅಲ್ಲಿ ಒಬ್ಬರು ಮಾತಾಡಿ ಉಳಿದವರು ಅಳೆಯುತ್ತಾರೆ. ನಮ್ಮಲ್ಲಿ ಎತ್ತಿದ ಚೀಟಿ ಕೂತವರೆಲ್ಲರದ್ದು.

ಏನೇನು ಬೇಕು

ಒಂದೇ ಅಳತೆಗೆ ಕತ್ತರಿಸಿದ ಕಾಗದ, ಒಂದೇ ಬಣ್ಣದ ಪೆನ್ನು, ಕೈ ಸಲೀಸಾಗಿ ಒಳಗೆ ಹೋಗುವಂಥ ಅಗಲ ಬಾಯಿಯ ಡಬ್ಬಿ. ಬಾಯಿ ಕಿರಿದಾದ ಉಪ್ಪಿನಕಾಯಿ ಜಾಡಿ ಬೇಡ, ಕಾರಣ ಮುಂದೆ ಹೇಳುತ್ತೇನೆ. ಸಮಯ ನೋಡಲು ಫೋನು. ಚೀಟಿಯ ಬದಲು ದಾಳವೋ ಇಸ್ಪೀಟ್ ಎಲೆಯೋ ಇದ್ದರೂ ಆಗುತ್ತದೆ.

ಹಂತ 1: ಜನ ಎಷ್ಟು ಎಂದು ನೋಡಿಕೊಳ್ಳಿ

ಒಂದು ಸುತ್ತಿಗೆ ಐದರಿಂದ ಎಂಟು ಜನ ಹದ. ಹತ್ತು ದಾಟಿತೆಂದರೆ ಎರಡು ಗುಂಪು ಮಾಡಿ, ಎರಡು ಡಬ್ಬಿ ಇಡಿ. ಒಂದು ಚೀಟಿ ಹತ್ತು ಹದಿನೈದು ನಿಮಿಷ ಓಡುತ್ತದೆ, ಗಂಟೆಗೆ ನಾಲ್ಕೈದು ಚೀಟಿ ಸಾಕು. ಹೆಚ್ಚು ಚೀಟಿ ಮುಗಿಸಿದರೆ ಹೆಚ್ಚು ಮಾತಾಡಿದೆವು ಅಂದುಕೊಳ್ಳಬೇಡಿ, ಸಾಮಾನ್ಯವಾಗಿ ಆಗುವುದು ಅದರ ಉಲ್ಟಾ.

ಹಂತ 2: ಚೀಟಿ ಬರೆಯಿರಿ

ಮೊದಲ ನಿಯಮ: ಅಭಿಪ್ರಾಯ ಕೇಳಬೇಡಿ, ಆದದ್ದನ್ನು ಕೇಳಿ. ‘ಸಾರ್ವಜನಿಕ ಸಾರಿಗೆ’ ಎಂದು ಬರೆದರೆ ಎಲ್ಲರೂ ಸರ್ಕಾರಕ್ಕೆ ಸಲಹೆ ಕೊಡಲು ಶುರುಮಾಡುತ್ತಾರೆ. ‘ಬಸ್ಸಿನಲ್ಲಿ ಚಿಲ್ಲರೆಗಾಗಿ ನಡೆದ ಒಂದು ಜಗಳ’ ಎಂದು ಬರೆಯಿರಿ. ಪ್ರತಿಯೊಬ್ಬರ ಬಳಿಯೂ ಒಂದು ಕತೆ ಇದೆ, ಟಿಕೆಟ್ಟಿನ ಹಿಂದೆ ಕಂಡಕ್ಟರ್ ಬರೆದುಕೊಟ್ಟ ಬಾಕಿಯ ಸಮೇತ. ‘ಹಿರಿಯರ ಮಹತ್ವ’ದ ಬದಲು ‘ನಿಮ್ಮ ಮನೆಯಲ್ಲಿ ಯಾರೂ ಬಿಸಾಡಲು ಬಿಡದ ಒಂದು ವಸ್ತು’. ‘ಆರ್ಥಿಕ ಶಿಸ್ತು’ ಬದಲು ‘ಮೊದಲ ಸಂಬಳದಲ್ಲಿ ಕೊಂಡದ್ದು’.

ಎರಡನೆಯದು, ಹೌದು ಅಥವಾ ಇಲ್ಲ ಎಂದು ಮುಗಿಸಬಹುದಾದ ಪ್ರಶ್ನೆ ಬೇಡ. ‘ನಿಮಗೆ ಉಪ್ಪಿಟ್ಟು ಇಷ್ಟವೇ?’ ಅಂದರೆ ‘ಇಲ್ಲ’ ಎಂದು ಮುಗಿಯಿತು. ‘ಉಪ್ಪಿಟ್ಟು ತಪ್ಪಿಸಿಕೊಳ್ಳಲು ಮಾಡಿದ ಉಪಾಯ’ ಅಂದರೆ ಕಾಲು ಗಂಟೆ ಗ್ಯಾರಂಟಿ.

ಮೂರನೆಯದು, ಪ್ರತಿ ಚೀಟಿಯಲ್ಲೂ ಎರಡು ಸಾಲು ಇರಲಿ. ಮೇಲಿನದು ವಿಷಯ, ಕೆಳಗಿನದು ಊರುಗೋಲು, ಅಂದರೆ ಮಾತು ನಿಂತರೆ ಕೇಳಬೇಕಾದ ಉಪಪ್ರಶ್ನೆ. ಕೆಲವು ಮಾದರಿ ಇಲ್ಲಿವೆ, ಬೇಕಾದರೆ ಹಾಗೇ ಬಳಸಿಕೊಳ್ಳಿ:

– ರಾತ್ರಿ ಉಳಿದ ಅನ್ನ ನಿಮ್ಮ ಮನೆಯಲ್ಲಿ ಬೆಳಿಗ್ಗೆ ಏನಾಗುತ್ತದೆ? (ಅದನ್ನು ಯಾರು ತಿನ್ನುವುದಿಲ್ಲ?)
– ಜೋರು ಮಳೆ ಬಂದರೆ ನಿಮ್ಮ ಬೀದಿಯಲ್ಲಿ ಮೊದಲು ಕೆಡುವುದು ಯಾವುದು? (ಆಗ ಯಾರಿಗೆ ಫೋನ್ ಮಾಡುತ್ತೀರಿ?)
– ಬಾಡಿಗೆ ಮನೆ ಹುಡುಕುವಾಗ ಕೇಳಿಸಿಕೊಂಡ ವಿಚಿತ್ರ ಷರತ್ತು. (ಒಪ್ಪಿಕೊಂಡಿರಾ?)
– ಮದುವೆ ಮನೆಯ ಊಟದಲ್ಲಿ ನೀವು ಕಾಯುವ ಒಂದೇ ಪದಾರ್ಥ. (ಅದು ಎಲೆಯ ಯಾವ ಮೂಲೆಗೆ ಬರುತ್ತದೆ?)
– ಅಕ್ಕಪಕ್ಕದವರಿಂದ ಸಾಲ ತಂದು ಇನ್ನೂ ವಾಪಸ್ ಕೊಡದ ಸಾಮಾನು. (ಅವರಿಗೆ ನೆನಪಿದೆಯೇ?)
– ಬಾಲ್ಯದಲ್ಲಿ ನಿಮಗೆ ಕೊಡುತ್ತಿದ್ದ ಶಿಕ್ಷೆ. (ಈಗ ನಿಮ್ಮ ಮಕ್ಕಳಿಗೆ ಏನು?)

ಇಲ್ಲಿ ಎಲ್ಲರೂ ಬೀಳುವ ಗುಂಡಿಯೊಂದಿದೆ. ಉತ್ಸಾಹಿಯೊಬ್ಬರು ರಾತ್ರಿ ಕೂತು ಎಲ್ಲ ಚೀಟಿಯನ್ನೂ ತಾವೇ ಬರೆದುಬಿಡುತ್ತಾರೆ. ಬರೆದವರ ಊರು, ವಯಸ್ಸು, ಅಡುಗೆಮನೆ ಎಲ್ಲ ಆ ಡಬ್ಬಿಯೊಳಗೆ ಕೂತಿರುತ್ತದೆ. ಬಸವನಗುಡಿಯವರು ಬರೆದ ಡಬ್ಬಿಯಲ್ಲಿ ದೋಸೆ, ಕಡಲೆಕಾಯಿ ಪರಿಷೆ, ಸಿಟಿ ಬಸ್ಸು ಇರುತ್ತವೆ. ಗದಗಿನಿಂದ ಬಂದವರು ಸುಮ್ಮನೆ ಕೂರುತ್ತಾರೆ. ಚೀಟಿ ಎತ್ತುವುದರಲ್ಲಿ ಎಷ್ಟೇ ನ್ಯಾಯವಿದ್ದರೂ ಈ ಅನ್ಯಾಯ ಸರಿಹೋಗುವುದಿಲ್ಲ. ಆದ್ದರಿಂದ ಬಂದವರೆಲ್ಲ ತಲಾ ಐದು ಚೀಟಿ ಬರೆಯಲಿ. ಎಂಟು ಜನರಿಗೆ ನಲವತ್ತು ಆಯಿತು, ಎರಡು ತಿಂಗಳಿಗೆ ಸಾಕು.

ಹಂತ 3: ಒಮ್ಮೆ ಜರಡಿ ಹಿಡಿಯಿರಿ

ಎಲ್ಲ ಚೀಟಿಯನ್ನೂ ಇಬ್ಬರು ಓದಿ ನೋಡಬೇಕು. ಒಬ್ಬರೇ ಆದರೆ ಅವರ ಇಷ್ಟಾನಿಷ್ಟವೇ ಜರಡಿಯಾಗುತ್ತದೆ. ತೆಗೆಯಬೇಕಾದವು: ಜಾತಿ, ಸಂಬಳ, ‘ಮದುವೆ ಯಾಕಾಗಿಲ್ಲ’, ‘ಮಕ್ಕಳು ಯಾವಾಗ’, ಕಾಯಿಲೆ. ಇವು ಬೇರೆ ವೇಷದಲ್ಲೂ ಬರುತ್ತವೆ. ‘ನಿಮ್ಮ ಮನೆ ದೇವರು’ ನೋಡಲು ಸರಳ ಪ್ರಶ್ನೆ. ಆದರೆ ಆ ಉತ್ತರದಿಂದ ಜಾತಿ ಲೆಕ್ಕ ಹಾಕುವವರು ಕೂಟದಲ್ಲಿ ಒಬ್ಬರಿದ್ದರೂ ಸಾಕು, ಮುಜುಗರ ಆಗಿಹೋಗುತ್ತದೆ. ರಾಜಕೀಯ ಇರಲಿ ಎಂದು ವಾದಿಸುವವರಿದ್ದಾರೆ. ನನ್ನ ಮಟ್ಟಿಗೆ ಬೇಡ. ಆ ಮಾತಿಗೆ ಚೀಟಿಯ ಸಹಾಯ ಬೇಕಾಗಿಲ್ಲ, ಅದು ತಾನಾಗೇ ಬರುತ್ತದೆ.

ಹಂತ 4: ಎತ್ತುವ ವಿಧಾನ ಆರಿಸಿಕೊಳ್ಳಿ

ಯಾದೃಚ್ಛಿಕ ಆಯ್ಕೆ ಎಂದು ಗಣಿತದವರು ಹೇಳುವುದು ಇಷ್ಟು: ಡಬ್ಬಿಯಲ್ಲಿರುವ ಪ್ರತಿ ಚೀಟಿಗೂ ಕೈಗೆ ಬರುವ ಅವಕಾಶ ಸಮನಾಗಿರಬೇಕು, ಯಾವುದು ಬರುತ್ತದೆಂದು ಮೊದಲೇ ಹೇಳಲು ಆಗಬಾರದು. ‘ಸುಮ್ಮನೆ ಮನಸ್ಸಿಗೆ ಬಂದ ವಿಷಯ ಹೇಳಿ’ ಅಂದರೆ ಇದು ಸಾಧ್ಯವಿಲ್ಲ. ಮನಸ್ಸಿಗೆ ಬರುವುದು ನಿನ್ನೆ ವಾಟ್ಸಾಪಿನಲ್ಲಿ ನೋಡಿದ್ದೇ. ಹಾಗಾಗಿ ಸಾಧನವೊಂದು ಬೇಕು.

*ಚೀಟಿ.* ಎಲ್ಲರಿಗೂ ಗೊತ್ತಿರುವುದು, ಎಲ್ಲರೂ ತಪ್ಪು ಮಾಡುವುದೂ ಇಲ್ಲೇ. ಒಂದನ್ನು ಸುರುಳಿ ಸುತ್ತಿ, ಇನ್ನೊಂದನ್ನು ಮಡಚಿ ಹಾಕಿದರೆ ಬೆರಳಿಗೆ ವ್ಯತ್ಯಾಸ ಗೊತ್ತಾಗುತ್ತದೆ. ಎಲ್ಲವನ್ನೂ ಎರಡು ಮಡಿಕೆ ಮಡಚಿ. ತೆಳು ಕಾಗದದಲ್ಲಿ ಶಾಯಿ ಹಿಂಬದಿಗೆ ಕಾಣುತ್ತದೆ, ಹಳೆಯ ಮದುವೆ ಕಾರ್ಡಿನ ದಪ್ಪ ಹಾಳೆ ಕತ್ತರಿಸಿಕೊಳ್ಳಿ.

ಅದಕ್ಕಿಂತ ಮುಖ್ಯವಾದದ್ದು ಬೆರೆಸುವುದು. 1969ರ ಡಿಸೆಂಬರ್ 1ರಂದು ಅಮೆರಿಕದಲ್ಲಿ, ವಿಯೆಟ್ನಾಂ ಯುದ್ಧಕ್ಕೆ ಯುವಕರನ್ನು ಕರೆಸಿಕೊಳ್ಳುವ ಸರದಿಯನ್ನು ಲಾಟರಿಯಲ್ಲಿ ನಿರ್ಧರಿಸಿದರು. ವರ್ಷದ 366 ಹುಟ್ಟುದಿನಗಳನ್ನು ಒಂದೊಂದು ಪ್ಲಾಸ್ಟಿಕ್ ಗುಳಿಗೆಯಲ್ಲಿ ಹಾಕಿ ಎತ್ತಿದ್ದು. ಗುಳಿಗೆಗಳನ್ನು ಜನವರಿಯಿಂದ ಡಿಸೆಂಬರಿನವರೆಗೆ ತಿಂಗಳ ಸಾಲಿನಲ್ಲೇ ಪೆಟ್ಟಿಗೆಗೆ ತುಂಬಿ, ಸರಿಯಾಗಿ ಬೆರೆಸದೆ ಸುರಿದಿದ್ದರು. ವರ್ಷದ ಕೊನೆಯ ತಿಂಗಳುಗಳಲ್ಲಿ ಹುಟ್ಟಿದವರ ದಿನಾಂಕಗಳೇ ಹೆಚ್ಚಾಗಿ ಮೊದಲು ಬಂದವು. ಮುಂದಿನ ವರ್ಷ ವಿಧಾನವನ್ನೇ ಬದಲಿಸಬೇಕಾಯಿತು. ಜೀವದ ಪ್ರಶ್ನೆ ಇದ್ದಲ್ಲೇ ಹೀಗಾದರೆ, ನಮ್ಮ ಡಬ್ಬಿಯಲ್ಲಿ ಕೊನೆಗೆ ಬಂದವರ ಚೀಟಿಗಳು ಮೇಲೇ ಕೂತಿರುವುದು ಆಶ್ಚರ್ಯವಲ್ಲ. ಕಿರಿದಾದ ಜಾಡಿ ಬೇಡ ಅಂದದ್ದು ಇದಕ್ಕೇ. ಅದನ್ನು ಕುಲುಕಿದರೆ ಚೀಟಿಗಳು ಒಟ್ಟಾಗಿ ಹಾರಿ ಒಟ್ಟಾಗಿಯೇ ಕೂರುತ್ತವೆ. ಚೀಟಿಗಳನ್ನು ಮೇಜಿನ ಮೇಲೆ ಸುರಿದು, ಎರಡೂ ಕೈಯಲ್ಲಿ ಕದಡಿ, ಮತ್ತೆ ತುಂಬಿ.

*ದಾಳ.* ಇಲ್ಲಿ ಬುದ್ಧಿವಂತರೂ ಎಡವುತ್ತಾರೆ. ಎರಡು ದಾಳ ಹಾಕಿ ಮೊತ್ತ ನೋಡಿ, 2ರಿಂದ 12ರವರೆಗೆ ಹನ್ನೊಂದು ವಿಷಯ ಇಡುತ್ತಾರೆ. ಆದರೆ 36 ಬಗೆಯ ಬೀಳುಗಳಲ್ಲಿ 7 ಬರುವುದು ಆರು ಬಗೆಯಲ್ಲಿ, 2 ಮತ್ತು 12 ಒಂದೊಂದೇ ಬಗೆಯಲ್ಲಿ. ಏಳನೇ ವಿಷಯ ಚರ್ವಿತಚರ್ವಣವಾಗುತ್ತದೆ, ಹನ್ನೆರಡನೆಯದು ಧೂಳು ಹಿಡಿಯುತ್ತದೆ. ಕೂಡಿಸಬೇಡಿ. ಬೇರೆ ಬೇರೆ ಬಣ್ಣದ ಎರಡು ದಾಳ ತೆಗೆದುಕೊಂಡು ಕೆಂಪಿನದ್ದನ್ನು ಸಾಲು, ನೀಲಿಯದ್ದನ್ನು ಕಂಬ ಎಂದಿಟ್ಟುಕೊಳ್ಳಿ. ಆರು ಸಾಲು, ಆರು ಕಂಬದ ಪಟ್ಟಿಯಲ್ಲಿ 36 ವಿಷಯ ಬರೆದರೆ ಎಲ್ಲಕ್ಕೂ ಸಮಾನ ಅವಕಾಶ.

*ಕವಡೆ.* ಚೌಕಾಬಾರ ಆಡಿದವರು ಕವಡೆ ಬಳಸಬಹುದಾ ಎಂದು ಕೇಳುತ್ತಾರೆ. ಆಸೆ ಒಳ್ಳೆಯದೇ, ಆದರೆ ಸಮಸ್ಯೆ ದಾಳದ ಮೊತ್ತದ್ದೇ. ನಾಲ್ಕು ಕವಡೆಯ 16 ಬೀಳುಗಳಲ್ಲಿ ಎರಡು ಬೀಳುವುದು ಆರು ಬಗೆಯಲ್ಲಿ, ಚೌಕವೂ (ನಾಲ್ಕು) ಬಾರವೂ (ಎಂಟು) ಒಂದೊಂದೇ ಬಗೆಯಲ್ಲಿ. ಅದೂ ಕವಡೆಯ ಎರಡೂ ಮಗ್ಗುಲು ಸಮನಾಗಿ ಬೀಳುತ್ತವೆ ಎಂದುಕೊಂಡರೆ. ನಿಜವಾದ ಕವಡೆ ಹಾಗೆ ಬೀಳುವುದಿಲ್ಲ. ಯಾರು ಮೊದಲು ಮಾತಾಡಬೇಕು ಎಂದು ತೀರ್ಮಾನಿಸಲು ಬಳಸಿ, ವಿಷಯಕ್ಕೆ ಬೇಡ.

*ಇಸ್ಪೀಟ್ ಎಲೆ.* ನನಗೆ ಹೆಚ್ಚು ಇಷ್ಟವಾದ ವಿಧಾನ. 52 ಎಲೆಗೆ 52 ವಿಷಯದ ಪಟ್ಟಿ. ನಾಲ್ಕು ಬಣ್ಣಗಳನ್ನು ನಾಲ್ಕು ಬಗೆಯ ಮಾತಿಗೆ ಹಂಚಿಬಿಡಿ: ಇಸ್ಪೀಟು ಊಟ ತಿಂಡಿಗೆ, ಆಟೀನು ಮನೆಮಂದಿಗೆ, ಡೈಮಂಡು ದುಡ್ಡು ವ್ಯಾಪಾರಕ್ಕೆ, ಕಳಾವರ ಊರು ಪ್ರಯಾಣಕ್ಕೆ. ಕಂತೆಯನ್ನು ಎರಡು ಭಾಗ ಮಾಡಿ ಒಂದರೊಳಗೊಂದು ಹೆಣೆದು ಕಲೆಸುವ ರೀತಿಯಲ್ಲಾದರೆ ಏಳು ಸಲ ಕಲೆಸಿದರೆ ಸಾಕು ಎಂದು 1992ರಲ್ಲಿ ಡೇವ್ ಬೇಯರ್, ಪರ್ಸಿ ಡಯಾಕೊನಿಸ್ ಎಂಬ ಗಣಿತಜ್ಞರು ತೋರಿಸಿದರು. ನಾವು ಮಾಡುವ ಹಾಗೆ ಕೈಯಲ್ಲಿ ಹಿಡಿದು ಚೂರುಚೂರೇ ಎತ್ತಿ ಹಾಕುವುದು ಅದಕ್ಕಿಂತ ಬಹಳ ನಿಧಾನ. ಚಾಪೆಯ ಮೇಲೆ ಎಲೆಗಳನ್ನು ಮಗುಚಿ ಹರಡಿ, ಒಂದು ನಿಮಿಷ ಕದಡಿದರೆ ನಮ್ಮ ಕೆಲಸಕ್ಕೆ ಧಾರಾಳ.

*ಫೋನು, ಶೀಟು.* ವಿಷಯಗಳಿಗೆ ನಂಬರ್ ಕೊಟ್ಟು ಫೋನಿನಿಂದ ಒಂದು ರ‍್ಯಾಂಡಮ್ ನಂಬರ್ ತೆಗೆಯಬಹುದು. ಗೂಗಲ್ ಶೀಟ್ಸ್ ಬಳಸುವವರಿಗೆ ಎಚ್ಚರಿಕೆ: ‘ರ‍್ಯಾಂಡ್‌ಬಿಟ್ವೀನ್’ ಫಾರ್ಮುಲಾ ಹಾಕಿದರೆ ಶೀಟಿನಲ್ಲಿ ಎಲ್ಲೇ ಏನೇ ತಿದ್ದಿದರೂ ನಂಬರ್ ಬದಲಾಗುತ್ತದೆ. ಬಂದ ವಿಷಯದ ಮುಂದೆ ‘ಆಯಿತು’ ಎಂದು ಟೈಪ್ ಮಾಡುವಷ್ಟರಲ್ಲಿ ಬೇರೆ ವಿಷಯ ಬಂದು ಕೂತಿರುತ್ತದೆ. ಅದರ ಬದಲು ಡೇಟಾ ಮೆನುವಿನ ‘ರ‍್ಯಾಂಡಮೈಸ್ ರೇಂಜ್’ ಒಮ್ಮೆ ಒತ್ತಿ ಇಡೀ ಪಟ್ಟಿಯನ್ನೇ ಕಲೆಸಿಬಿಡಿ, ಆಮೇಲೆ ಮೇಲಿನಿಂದ ಒಂದೊಂದೇ ತೆಗೆದುಕೊಳ್ಳುತ್ತ ಹೋಗಿ.

ಹಂತ 5: ಎತ್ತುವ ನಿಯಮ ಮೊದಲೇ ಹೇಳಿ

ಎತ್ತಿದ ಚೀಟಿ ಡಬ್ಬಿಗೆ ವಾಪಸ್ ಹೋಗಬಾರದು. ‘52 ಎಲೆ ಇವೆಯಲ್ಲ, ಅದೇ ಮತ್ತೆ ಎಲ್ಲಿ ಬರುತ್ತೆ’ ಅನ್ನಬೇಡಿ. ವಾಪಸ್ ಹಾಕುತ್ತ ಹೋದರೆ ಬರೀ ಒಂಬತ್ತು ಸಲ ಎತ್ತುವಷ್ಟರಲ್ಲಿ ಯಾವುದಾದರೂ ಒಂದು ವಿಷಯ ಮರುಕಳಿಸುವ ಸಾಧ್ಯತೆ ಅರ್ಧಕ್ಕಿಂತ ಹೆಚ್ಚು. ಎರಡನೇ ವಾರಕ್ಕೇ ‘ಇದು ಹೋದ ವಾರ ಆಯ್ತಲ್ಲ’ ಎಂಬ ಮಾತು ಬರುತ್ತದೆ.

ಕೈಗೆ ಬಂದದ್ದು ಬೇಡವೆನಿಸಿದರೆ ‘ಪಾಸ್’ ಅನ್ನಬಹುದು. ಒಬ್ಬರಿಗೆ ಒಂದು ಸಂಜೆಗೆ ಒಂದೇ ಪಾಸ್. ಕಾರಣ ಯಾರೂ ಕೇಳಬಾರದು. ‘ಅಪ್ಪನ ಜೊತೆ ನೋಡಿದ ಸಿನಿಮಾ’ ಎಂಬ ಚೀಟಿ ತಂದೆಯನ್ನು ಈಚೆಗಷ್ಟೇ ಕಳೆದುಕೊಂಡವರ ಕೈಗೆ ಹೋಗಬಹುದು, ಅದನ್ನು ಯಾವ ಜರಡಿಯೂ ತಡೆಯುವುದಿಲ್ಲ. ಪಾಸ್‌ಗೆ ಮಿತಿಯೇ ಇಲ್ಲದಿದ್ದರೆ ಮಾತ್ರ ಜನ ಇಷ್ಟವಾದದ್ದು ಬರುವವರೆಗೆ ಎತ್ತುತ್ತಲೇ ಇರುತ್ತಾರೆ, ಅಲ್ಲಿಗೆ ಚೀಟಿಯ ಅರ್ಥ ಹೋಯಿತು.

ಎತ್ತುವುದು ಯಾರು? ಮಕ್ಕಳಿದ್ದರೆ ಅವರ ಕೈಗೆ ಕೊಡಿ. ಕಾಂಚೀಪುರದ ಹತ್ತಿರದ ಉತ್ತರಮೇರೂರಿನಲ್ಲಿ ಹತ್ತನೇ ಶತಮಾನದ ಚೋಳರ ಶಾಸನವಿದೆ. ಹೆಸರು ಬರೆದ ತಾಳೆಗರಿಗಳನ್ನು ಮಡಕೆಗೆ ಹಾಕಿ, ಚಿಕ್ಕ ಹುಡುಗನಿಂದ ಎತ್ತಿಸಿ ಊರ ಸಭೆಯ ಸಮಿತಿಗಳಿಗೆ ಸದಸ್ಯರನ್ನು ಆರಿಸುವ ಕ್ರಮ ಅದರಲ್ಲಿ ವಿವರವಾಗಿದೆ. ನಮ್ಮ ಕೂಟದಲ್ಲಿ ಅಷ್ಟು ದೊಡ್ಡ ವ್ಯವಹಾರ ಇಲ್ಲ. ಮಕ್ಕಳನ್ನು ಹತ್ತಿರ ಕೂರಿಸಿಕೊಳ್ಳಲು ಇದೊಂದು ನೆಪ.

ಹಂತ 6: ಮಾತು ನಡೆಸಿ

ಚೀಟಿಯನ್ನು ಗಟ್ಟಿಯಾಗಿ ಎರಡು ಸಲ ಓದಿ. ಅರ್ಧ ನಿಮಿಷ ಎಲ್ಲರೂ ಸುಮ್ಮನಿರಿ. ಆ ಅರ್ಧ ನಿಮಿಷ ಕನ್ನಡ ಕಲಿಯುವವರಿಗಂತೂ ಬೇಕೇಬೇಕು, ಅದನ್ನು ತುಂಬಲು ಹೋಗಬೇಡಿ. ಎತ್ತಿದವರು ಮೊದಲು ಎರಡು ನಿಮಿಷ ಮಾತಾಡಲಿ, ಆಮೇಲೆ ಎಲ್ಲರದ್ದು.

ಇಲ್ಲಿ ಕನ್ನಡ ಚೆನ್ನಾಗಿ ಬಲ್ಲವರ ಕೆಲಸ ತಿದ್ದುವುದಲ್ಲ, ಕೇಳುವುದು. ಉಳಿದ ಅನ್ನದ ಚೀಟಿ ಹೀಗೆ ಸಾಗಬಹುದು:

“ನಮ್ಮ ಮನೆಯಲ್ಲಿ ಉಳಿದ ಅನ್ನ ಬೆಳಿಗ್ಗೆ ತಿನ್ನುತ್ತೇವೆ.”
“ಹಾಗೇ ತಿಂತೀರಾ, ಏನಾದ್ರೂ ಹಾಕ್ತೀರಾ?”
“ಮೊಸರು. ಆಮೇಲೆ ಅದು… ಚಿಕ್ಕ ಕಪ್ಪು ಕಾಳು, ಎಣ್ಣೆಗೆ ಹಾಕಿದರೆ ಚಟಪಟ ಅನ್ನುತ್ತೆ…”
“ಸಾಸಿವೆ.”
“ಹಾಂ, ಸಾಸಿವೆ!”
“ನಮ್ಮ ಕಡೆ ಉಳಿದ ರೊಟ್ಟೀನೂ ಮುರಿದು ಒಗ್ಗರಣೆ ಹಾಕ್ತೀವ್ರಿ. ಅದನ್ನ ತಿಂದೀರೇನು?”

ಇಲ್ಲಿ ‘ತಿನ್ನುತ್ತೇವೆ ಅಲ್ಲ, ತಿಂತೀವಿ ಅನ್ನಬೇಕು’ ಎಂದು ಯಾರಾದರೂ ನಡುವೆ ಬಾಯಿ ಹಾಕಿದ್ದರೆ ಸಾಸಿವೆಯ ತನಕ ಮಾತು ಹೋಗುತ್ತಲೇ ಇರಲಿಲ್ಲ. ತಪ್ಪುಗಳನ್ನು ಗುರುತು ಹಾಕಿಟ್ಟುಕೊಂಡು ಚೀಟಿ ಮುಗಿದ ಮೇಲೆ ಹೇಳಿ, ಅದೂ ಒಂದೆರಡು ಮಾತ್ರ.

ಇನ್ನೊಂದು ಅಪಾಯ ಮಾತು ಬಲ್ಲವರದ್ದು. ಒಬ್ಬರು ಶುರುಮಾಡಿದರೆ ಉಪನ್ಯಾಸ. ಇದಕ್ಕೆ ಮದ್ದು ನಮ್ಮ ಅವಧಾನ ಕಲೆಯಲ್ಲೇ ಇದೆ. ಎಂಟು ಜನರ ಪ್ರಶ್ನೆಗಳನ್ನು ಒಬ್ಬರೇ ಒಟ್ಟಿಗೆ ನಿಭಾಯಿಸುವ ಅಷ್ಟಾವಧಾನದಲ್ಲಿ ಆ ಒಬ್ಬರ, ಅಂದರೆ ಅವಧಾನಿಯ, ಏಕಾಗ್ರತೆ ಕೆಡಿಸಲೆಂದೇ ಅಡ್ಡಪ್ರಶ್ನೆ ಎಸೆಯುವ ಅಪ್ರಸ್ತುತ ಪ್ರಸಂಗಿ ಎಂಬ ಪೃಚ್ಛಕ, ಅಂದರೆ ಪ್ರಶ್ನೆ ಕೇಳುವವರು, ಇರುತ್ತಾರೆ. ನಿಮ್ಮ ಕೂಟದಲ್ಲೂ ಪ್ರತಿ ಸಂಜೆ ಒಬ್ಬರಿಗೆ ಆ ಪಾತ್ರ ಕೊಡಿ. ಭಾಷಣ ಎರಡು ನಿಮಿಷ ದಾಟಿದರೆ “ಅದಿರಲಿ, ಆ ದಿನ ನೀವು ಯಾವ ಚಪ್ಪಲಿ ಹಾಕಿದ್ರಿ?” ಎಂದು ಕೇಳುವುದು ಅವರ ಹಕ್ಕು. ಎಲ್ಲರೂ ನಗುತ್ತಾರೆ, ಮಾತು ಬೇರೆಯವರ ಕೈಗೆ ಹೋಗುತ್ತದೆ, ಯಾರಿಗೂ ನೋವಾಗುವುದಿಲ್ಲ.

ಮಾತು ಚೀಟಿಯನ್ನು ಬಿಟ್ಟು ಬೇರೆಲ್ಲೋ ಹೋದರೆ ಬಿಡಿ, ಹೋಗಲಿ. ವಾಪಸ್ ಎಳೆಯಬೇಡಿ. ಮೌನ ಬಿದ್ದಾಗ ಮಾತ್ರ ಚೀಟಿಯ ಎರಡನೇ ಸಾಲು ಓದಿ. ಅದಕ್ಕೂ ಮೌನವೇ ಉತ್ತರವಾದರೆ ಮುಂದಿನ ಚೀಟಿ.

ಹಂತ 7: ವಿಡಿಯೋ ಕಾಲಿನಲ್ಲಿ ಅಜ್ಜಿ, ಮೊಮ್ಮಗು

ಇಲ್ಲಿ ಡಬ್ಬಿ ಮಗುವಿನ ಕಡೆ ಇರಲಿ, ಚೀಟಿ ಎತ್ತಿ ಓದುವುದೂ ಮಗುವೇ. ಕನ್ನಡ ಓದಲು ಬಾರದ ಮಗುವಿಗೆ ಚೀಟಿಯಲ್ಲಿ ಚಿತ್ರ ಬಿಡಿಸಿಕೊಡಿ. ಪ್ರಶ್ನೆ ಇಬ್ಬರಿಗೂ ಅನ್ವಯಿಸುವಂತಿರಬೇಕು: ‘ಶಾಲೆಯ ಬುತ್ತಿಯಲ್ಲಿ ಏನಿತ್ತು?’, ‘ಹಲ್ಲು ಬಿದ್ದಾಗ ಏನು ಮಾಡಿದೆ?’ ಅಜ್ಜಿ ತಮ್ಮ ಹಲ್ಲನ್ನು ಸಗಣಿಯಲ್ಲಿ ಸುತ್ತಿ ಹೆಂಚಿನ ಮೇಲೆ ಎಸೆದದ್ದು ಹೇಳಿದರೆ ಮಗು ಫೋನ್ ಬಿಡುವುದಿಲ್ಲ. ಒಂದು ಕಾಲಿಗೆ ಎರಡು ಚೀಟಿ ಸಾಕು. ಪಕ್ಕದಲ್ಲಿ ಕೂತು ಉತ್ತರ ಹೇಳಿಕೊಡುವ ಅಮ್ಮ, ಅಪ್ಪ ಆ ಹೊತ್ತು ಬೇರೆ ಕೋಣೆಯಲ್ಲಿರುವುದು ಒಳ್ಳೆಯದು.

ಹಂತ 8: ಡಬ್ಬಿಯ ನಿಗಾ

ಮುಗಿದ ಚೀಟಿಯ ಹಿಂದೆ ಒಂದು ಗುರುತು ಹಾಕಿ. ಚೆನ್ನಾಗಿ ಓಡಿದ್ದಕ್ಕೆ ಸರಿ ಗುರುತು, ಎರಡೇ ನಿಮಿಷಕ್ಕೆ ಸತ್ತದ್ದಕ್ಕೆ ಸೊನ್ನೆ. ಸೊನ್ನೆಯವನ್ನು ಎಸೆಯುವ ಮೊದಲು ಓದಿ ನೋಡಿ. ಹೆಚ್ಚಿನವು ಅಭಿಪ್ರಾಯ ಕೇಳಿದವೇ ಆಗಿರುತ್ತವೆ, ಒಂದು ಘಟನೆ ಕೇಳುವಂತೆ ತಿದ್ದಿ ಬರೆದರೆ ಮತ್ತೆ ಬಳಸಬಹುದು. ಸರಿ ಗುರುತಿನವನ್ನು ಒಂದು ಲಕೋಟೆಯಲ್ಲಿಟ್ಟು, ಕೂಟಕ್ಕೆ ಹೊಸಬರು ಮೂರು ನಾಲ್ಕು ಜನ ಸೇರಿದಾಗ ಮತ್ತೆ ಡಬ್ಬಿಗೆ ಹಾಕಿ. ಡಬ್ಬಿಯಲ್ಲಿ ಹತ್ತಕ್ಕಿಂತ ಕಡಿಮೆ ಚೀಟಿ ಉಳಿದರೆ ಆ ವಾರದ ಕೊನೆಯ ಹತ್ತು ನಿಮಿಷ ಹೊಸ ಚೀಟಿ ಬರೆಯಲು ಮೀಸಲಿಡಿ. ಮನೆಗೆ ಹೋಗಿ ಬರೆದು ತರುತ್ತೇವೆ ಅಂದವರು ತರುವುದಿಲ್ಲ, ಅಲ್ಲೇ ಕೂತು ಬರೆಸಿಕೊಳ್ಳಿ.